ಕಣ್ಣು ಕಾಣದ ಮುಖವೊಂದನ್ನು ನಕಲು ಮಾಡಿದ್ದು

ಜಲವರ್ಣದಲ್ಲಿ ಹಲವು ವರ್ಷ ಕೈ ಪಳಗಿದ್ದರೂ ತೈಲವರ್ಣವೆಂದರೆ ನನಗೆ ಅಂಜಿಕೆಯೇ ಇತ್ತು. ತೀರ್ಥಹಳ್ಳಿ ಸಮೀಪದ ನಮ್ಮೂರಿನಲ್ಲಿ ಅದನ್ನು ಕಲಿಸುವವರು ಇಲ್ಲದ ಕಾರಣ, ಡಚ್ ಚಿತ್ರಕಾರ ರೆಂಬ್ರಾಂಟ್ 1628ರ ಸುಮಾರಿಗೆ ಬರೆದುಕೊಂಡ ತನ್ನದೇ ಭಾವಚಿತ್ರವನ್ನು ನಕಲು ಮಾಡುತ್ತ ಕಲಿಯಲು ನಿಶ್ಚಯಿಸಿದೆ. ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ಈ ಚಿತ್ರದ ಎತ್ತರ 22.6 ಸೆಂ.ಮೀ., ಅಗಲ 18.7 ಸೆಂ.ಮೀ. ಮಾತ್ರ. ಇಷ್ಟು ಚಿಕ್ಕದಾದರೆ ಸುಲಭವಾದೀತೆಂಬ ನನ್ನ ಲೆಕ್ಕಾಚಾರ ಮೊದಲ ವಾರದಲ್ಲೇ ಸುಳ್ಳಾಯಿತು.

ಮೂಲಚಿತ್ರ ಮರದ ಹಲಗೆಯ ಮೇಲಿರುವುದರಿಂದ ನಾನೂ ಹಳೆಯ ಹಲಸಿನ ಬಾಗಿಲೊಂದರ ತುಂಡುಗಳನ್ನು ಉಜ್ಜಿ ನುಣುಪು ಮಾಡಿ, ಬಣ್ಣ ಹಿಡಿಯಲೆಂದು ಜೆಸ್ಸೊ ಎಂಬ ಬಿಳಿ ತಳಲೇಪ ಬಳಿದು, ಅದರ ಮೇಲೆ ತೆಳುವಾಗಿ ಯೆಲ್ಲೋ ಓಕರ್ ಎಂಬ ಹಳದಿ ಮಣ್ಣಿನ ಬಣ್ಣ ಹಚ್ಚಿ ಒಣಗಲು ಬಿಟ್ಟೆ. ಓಕರ್ ಅಲ್ಲದೆ ಟೈಟಾನಿಯಂ ವೈಟ್, ಬರ್ನ್ಟ್ ಅಂಬರ್ ಎಂಬ ಗಾಢ ಕಂದು, ಐವರಿ ಬ್ಲ್ಯಾಕ್ ಮತ್ತು ತುಸು ಕೆಂಪು, ಇಷ್ಟೇ ನನ್ನ ಬಣ್ಣಗಳು. ರೆಂಬ್ರಾಂಟ್ ಬಳಸುತ್ತಿದ್ದ ಸೀಸದ ಬಿಳಿ ವಿಷಕಾರಿಯಾದ್ದರಿಂದ ಅದರ ಗೋಜಿಗೆ ಹೋಗಲಿಲ್ಲ.

ಆ ಚಿತ್ರದಲ್ಲಿ ಎಡಗಡೆಯಿಂದ ಬರುವ ಬೆಳಕು ಕೆನ್ನೆ, ಕತ್ತು, ಕಿವಿಯ ಹಾಲೆ ಮತ್ತು ಮೂಗಿನ ತುದಿಯನ್ನಷ್ಟೇ ಮುಟ್ಟುತ್ತದೆ. 22ರ ಆಸುಪಾಸಿನ ಆ ಯುವಕನ ಕಣ್ಣುಗಳು ಕತ್ತಲಲ್ಲಿ ಹುದುಗಿವೆ. ನಾನಾದರೋ ಮುಖವೆಂದರೆ ಕಣ್ಣೆಂದು ನಂಬಿದ್ದವನು. ಮೊದಲ ಹಲಗೆಯಲ್ಲಿ ರೆಪ್ಪೆ, ಪಾಪೆ, ಹೊಳಪಿನ ಚುಕ್ಕೆ ಎಲ್ಲವನ್ನೂ ಜತನದಿಂದ ಬಿಡಿಸಿದೆ. ಅಮ್ಮ ನೋಡಿ, “ಈಗ ಸರಿಯಾಗಿ ಮನುಷ್ಯನ ಹಾಗೆ ಕಾಣ್ತಾನೆ ನೋಡು” ಎಂದರು. ಅವರು ಮೆಚ್ಚಿದ್ದೇ ನನಗೆ ತಪ್ಪನ್ನು ತೋರಿಸಿತು: ಅದು ಕ್ಯಾಲೆಂಡರಿನ ಚಿತ್ರವಾಗಿತ್ತು. ನೆರಳಿನ ಭಾಗಕ್ಕೆ ಬಿಳಿ ಬೆರೆಸಿದ ದಪ್ಪ ಬಣ್ಣ ಹಾಕಿದ್ದರಿಂದ ಅಲ್ಲಿನ ಆಳ ಪೂರ್ತಿ ಮುಚ್ಚಿಹೋಗಿತ್ತು. ಎರಡನೆಯ ಹಲಗೆಯಲ್ಲಿ ಬಿಳಿಯನ್ನು ಸೋಕಿಸದೆ, ನೀರು ಬೆರೆಸಿದ ಅಡಿಕೆ ಚೊಗರಿನಷ್ಟು ತೆಳುವಾದ ಅಂಬರಿನಲ್ಲಿ ನೆರಳನ್ನು ತುಂಬಿ, ಕತ್ತು ಕೆನ್ನೆಗಳ ಬೆಳಕಿಗೆ ಮಾತ್ರ ಗಟ್ಟಿ ಬಣ್ಣವನ್ನು ಇಟ್ಟಾಗ ಮುಖ ಹಲಗೆಯಿಂದ ಎದ್ದು ಬಂದಿತು. ಕಣ್ಣಿಗೆಂದು ಬೇರೆ ಬಣ್ಣವನ್ನೇ ಕಲಸಲಿಲ್ಲ.

ಅಷ್ಟರಲ್ಲಿ ಆಷಾಢದ ಮಳೆ ಹಿಡಿದಿತ್ತು. ತೈಲವರ್ಣ ಒಣಗುವುದು ನೀರು ಆರಿದಂತೆ ಅಲ್ಲ. ಅದರಲ್ಲಿರುವ ಅಗಸೆಬೀಜದ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗಬೇಕು, ಥಂಡಿಯಲ್ಲಿ ಆ ಕೆಲಸ ನಿಧಾನ. ಅವಸರಪಟ್ಟು ಹಲಗೆಯನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದು ನನ್ನ ದಡ್ಡತನ. ನಾಲ್ಕನೆಯ ದಿನ ಇಳಿಸಿದಾಗ ಹಸಿ ಬಣ್ಣದ ತುಂಬ ಮಸಿ ಅಂಟಿತ್ತು. ಕೆನ್ನೆಯನ್ನು ಪೂರ್ತಿ ಕೆರೆದು ಮತ್ತೆ ಬರೆಯಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೂದಲು. ರೆಂಬ್ರಾಂಟ್ ಹಸಿ ಬಣ್ಣವನ್ನು ಕುಂಚದ ಹಿಂಬದಿಯ ತುದಿಯಿಂದ ಗೀರಿ, ಒಳಗಿನ ತಿಳಿಬಣ್ಣವನ್ನು ಕಾಣಿಸಿ ಗುಂಗುರನ್ನು ಮೂಡಿಸಿದ್ದಾನೆ. ಮಳೆಗಾಲದಲ್ಲಿ ಬಣ್ಣ ಹಸಿಯಾಗಿಯೇ ಇದ್ದೀತೆಂದು ಮರುದಿನ ಗೀರಲು ಹೋದೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಉಳಿದವುಗಳಿಗಿಂತ ಬೇಗ ಒಣಗುತ್ತದೆಂಬುದು ಆಗ ನನಗೆ ಗೊತ್ತಿರಲಿಲ್ಲ. ಕಾಯಿಸಿದ ಹಾಲಿನ ಕೆನೆಯ ಹಾಗೆ ಮೇಲ್ಪದರ ಸುಕ್ಕುಗಟ್ಟಿ ಕಿತ್ತುಬಂತು. ಆ ಭಾಗವನ್ನು ಟರ್ಪೆಂಟೈನಿನಿಂದ ಒರೆಸಿ, ಹೊಸದಾಗಿ ಬಣ್ಣ ಹಚ್ಚಿ, ಕೂತಲ್ಲೇ ಒಂದೊಂದು ಎಳೆಯನ್ನು ಒಂದೇ ಸಲಕ್ಕೆ ಗೀರಿದೆ. ಎರಡನೆಯ ಬಾರಿ ಅದೇ ಗೀರಿನ ಮೇಲೆ ಕೈಯಾಡಿಸಿದರೆ ಕೆಸರಾಗುತ್ತಿತ್ತು. ತಳದ ಓಕರ್ ಹೊಳೆದು ಕತ್ತಿನ ಬಳಿಯ ಗುಂಗುರು ತಕ್ಕಮಟ್ಟಿಗೆ ಬಂದಿದೆ. ಕಿವಿಯ ಹಾಲೆಯ ಮೇಲಿನ ಬೆಳಕು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಅದಕ್ಕಾಗಿ ಬಾಗಿಲಿನ ಮೂರನೆಯ ತುಂಡನ್ನು ಉಜ್ಜಿ ಇಟ್ಟಿದ್ದೇನೆ.