ವೀಟೊ ಚೌಕಾಸಿಯನ್ನು ತರಗತಿಗೆ ತರುವುದು ಹೇಗೆ: 1945ರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನ, ಎರಡು ಬೆಳಗಿನಲ್ಲಿ

ವಿಶ್ವಸಂಸ್ಥೆಯ ಪಾಠವನ್ನು ಅಂಗಗಳ ಪಟ್ಟಿಯಿಂದ ಶುರು ಮಾಡಿದರೆ ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಮರೆಯುತ್ತಾರೆ. ಐದು ದೇಶಗಳಿಗೆ ವೀಟೊ (ಭದ್ರತಾ ಮಂಡಳಿಯ ನಿರ್ಣಯವನ್ನು ಒಬ್ಬರೇ ತಡೆಯುವ ಅಧಿಕಾರ) ಏಕೆ ಸಿಕ್ಕಿತು, ಉಳಿದವರು ಅದನ್ನು ಏಕೆ ಒಪ್ಪಿಕೊಂಡರು ಎಂಬುದು ಮಾತ್ರ ಪುಸ್ತಕ ಓದಿ ತಲೆಗೆ ಹತ್ತುವುದಿಲ್ಲ. ಆ ಒಪ್ಪಂದ ಹುಟ್ಟಿದ ಕೋಣೆಯಲ್ಲಿ ಅವರನ್ನು ಕೂರಿಸಿ ಚೌಕಾಸಿ ಮಾಡಿಸಬೇಕು. ದಾವಣಗೆರೆಯ ಅಥವಾ ಚಿತ್ರದುರ್ಗದ ಪದವಿ ಕಾಲೇಜೊಂದರಲ್ಲಿ 40 ವಿದ್ಯಾರ್ಥಿಗಳು, ಎರಡು ಕೊಠಡಿ, ಎರಡು ಬೆಳಗು ಇದ್ದರೆ ಸಾಕು. ಬೇಸಿಗೆಯಲ್ಲಿ ಇಟ್ಟುಕೊಳ್ಳಬೇಡಿ. ಇಟ್ಟುಕೊಳ್ಳಲೇಬೇಕಾದರೆ ಎಂಟೂವರೆಗೆ ಶುರು ಮಾಡಿ ಹನ್ನೆರಡರೊಳಗೆ ಮುಗಿಸಿ; ಮಧ್ಯಾಹ್ನದ ಬಿಸಿಲಿಗೆ ಬಳಲಿದವರು ಸಿಕ್ಕಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ, ಚೌಕಾಸಿ ಸತ್ತುಹೋಗುತ್ತದೆ.

ಮೊದಲ ನಿಯಮ: ಒಂದೇ ಜಗಳ ಆರಿಸಿಕೊಳ್ಳಿ. 1945ರ ಏಪ್ರಿಲ್ 25ರಿಂದ ಜೂನ್ 26ರವರೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 50 ದೇಶಗಳು ಸೇರಿ, 4 ಆಯೋಗ, 12 ಸಮಿತಿಗಳಲ್ಲಿ ಕೂತು ವಿಶ್ವಸಂಸ್ಥೆಯನ್ನು ಕಟ್ಟುವ ಒಪ್ಪಂದವಾದ 111 ವಿಧಿಗಳ ಸನ್ನದು ಬರೆದವು. ಅದೆಲ್ಲವನ್ನೂ ಎರಡು ಬೆಳಗಿಗೆ ತುರುಕಿದರೆ ಯಾವುದೂ ಆಗುವುದಿಲ್ಲ. ಭದ್ರತಾ ಮಂಡಳಿಯಲ್ಲಿ ಮತ ಹಾಕುವ ಕ್ರಮ ಹೇಗಿರಬೇಕು ಎಂಬುದೊಂದೇ ನಿಮ್ಮ ವಿಷಯವಾಗಿರಲಿ.

ತಯಾರಿ

12 ನಿಯೋಗಗಳು, ಒಂದೊಂದರಲ್ಲಿ ಮೂವರು: ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಚೀನಾ, ಫ್ರಾನ್ಸ್ ಎಂಬ ಐವರು ದೊಡ್ಡವರು, ಆಮೇಲೆ ಸಣ್ಣವರಾಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೊಲಂಬಿಯಾ, ಕ್ಯೂಬಾ, ಬ್ರೆಜಿಲ್, ಈಜಿಪ್ಟ್, ಭಾರತ. ಉಳಿದ ನಾಲ್ವರಲ್ಲಿ ಇಬ್ಬರು ವರದಿಗಾರರು, ಒಬ್ಬರು ಗಡಿಯಾರ ನೋಡುವವರು. ನಾಲ್ಕನೆಯವರ ಪಾತ್ರವನ್ನು ಮುಂದೆ ಹೇಳುತ್ತೇವೆ.

ಮತದ ಲೆಕ್ಕದಲ್ಲಿ ಎಡವುವವರೇ ಹೆಚ್ಚು, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ. ಸಮ್ಮೇಳನದಲ್ಲಿ ಯಾರಿಗೂ ವೀಟೊ ಇರಲಿಲ್ಲ; ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಸಿಕ್ಕರೆ ದೊಡ್ಡ ದೇಶಗಳ ಕರಡಿಗೆ ತಂದ ತಿದ್ದುಪಡಿ ಪಾಸು. ಅಲ್ಲಿ ಐವತ್ತರಲ್ಲಿ ಐವರು ದೊಡ್ಡವರು. ನಿಮ್ಮಲ್ಲಿ ಹನ್ನೆರಡರಲ್ಲಿ ಐವರು. ಎಲ್ಲರಿಗೂ ಒಂದೊಂದೇ ಮತ ಕೊಟ್ಟರೆ ಏಳು ಸಣ್ಣ ದೇಶಗಳು ಒಟ್ಟಾದರೂ ಬೇಕಾದ 8 ಸಿಗುವುದಿಲ್ಲ. ಆಟ ಶುರುವಾಗುವ ಮೊದಲೇ ಮುಗಿದುಹೋಯಿತು. ಹಾಗಾಗಿ ಸಣ್ಣ ನಿಯೋಗಗಳಿಗೆ ತಲಾ ಮೂರು ಮತಚೀಟಿ ಕೊಡಿ, ಆದರೆ ಮೂರನ್ನೂ ಒಂದೇ ಕಡೆ ಹಾಕಬೇಕು. ಈಗ ಒಟ್ಟು 26 ಮತ, ಪಾಸಾಗಲು 18. ತಡೆಯಲು 9 ಬೇಕು, ದೊಡ್ಡವರ ಕೈಯಲ್ಲಿರುವುದು 5. ಒಬ್ಬ ಸಣ್ಣವನನ್ನು ಒಲಿಸಿಕೊಂಡರೆ 8, ಆಗಲೂ ಸೋಲು; ಇಬ್ಬರನ್ನು ಒಲಿಸಿಕೊಂಡರೆ 11, ಗೆಲುವು. ತಟಸ್ಥರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ, ನಾಲ್ಕು ಸಣ್ಣ ನಿಯೋಗಗಳು ಸುಮ್ಮನೆ ಕೂತರೂ ತಿದ್ದುಪಡಿ 9ಕ್ಕೆ 5ರಲ್ಲಿ ನಿಂತು (14ರಲ್ಲಿ 10 ಬೇಕು) ಬಿದ್ದುಹೋಗುತ್ತದೆ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದಿಡಿ. ಅದನ್ನು ನೋಡಿದ ಮೇಲೆಯೇ ಅಮೆರಿಕದವರು ಎದ್ದು ಬ್ರೆಜಿಲ್ ಕಡೆ ನಡೆಯುವುದು.

ಪ್ರತಿ ನಿಯೋಗಕ್ಕೆ ಒಂದು ವಾರ ಮುಂಚೆ ಮಡಿಸಿದ ಸೂಚನಾ ಪತ್ರ ಕೊಡಿ. ಅರ್ಧ ಪುಟ ಸಾಕು, ನಾಲ್ಕೇ ಸಾಲು: ಬಿಡಲಾಗದ್ದು ಏನು, ಸಿಕ್ಕರೆ ಒಳ್ಳೆಯದು ಏನು, ಬಿಟ್ಟುಕೊಡಬಹುದಾದ್ದು ಏನು, ಯಾವ ಹಂತಕ್ಕೆ ಬಂದರೆ ಎದ್ದು ಹೋಗಬೇಕು. ಮೂರನೇ ಸಾಲು ಇಲ್ಲದ ಪತ್ರ ಹಿಡಿದುಕೊಂಡವರು ಬರೀ ಭಾಷಣ ಮಾಡುತ್ತಾರೆ.

ಸೋವಿಯತ್ ಪತ್ರ ಹೀಗಿರಬಹುದು. ಬಿಡಲಾಗದ್ದು: ತನ್ನ ಒಪ್ಪಿಗೆಯಿಲ್ಲದೆ ಮಂಡಳಿ ಯಾವ ಕ್ರಮವನ್ನೂ ಕೈಗೊಳ್ಳಬಾರದು. ಸಿಕ್ಕರೆ ಒಳ್ಳೆಯದು: ಒಂದು ವಿವಾದವನ್ನು ಚರ್ಚೆಗೆ ಎತ್ತಿಕೊಳ್ಳುವುದನ್ನೂ ತಡೆಯುವ ಅಧಿಕಾರ. ಬಿಟ್ಟುಕೊಡಬಹುದಾದ್ದು ಎಂಬಲ್ಲಿ ಖಾಲಿ ಬಿಟ್ಟು, ಜೊತೆಗೆ ಅಂಟಿಸಿದ ಲಕೋಟೆ ಕೊಡಿ. ಎರಡನೇ ಬೆಳಗಿನ ಹತ್ತು ಗಂಟೆಗೆ ಮೊದಲು ತೆರೆಯುವಂತಿಲ್ಲ. ಒಳಗೆ ಮಾಸ್ಕೋದ ಆದೇಶ: ಚರ್ಚೆಯನ್ನು ತಡೆಯುವ ಬೇಡಿಕೆ ಕೈಬಿಡಿ. ನಡೆದದ್ದೂ ಇದೇ. ಸಮ್ಮೇಳನ ಈ ಒಂದು ವಿಷಯಕ್ಕೆ ಕಗ್ಗಂಟಾದಾಗ ಅಮೆರಿಕದ ಅಧ್ಯಕ್ಷ ಟ್ರೂಮನ್ ಅವರ ದೂತ ಹ್ಯಾರಿ ಹಾಪ್ಕಿನ್ಸ್ ಮಾಸ್ಕೋದಲ್ಲಿ ಸ್ಟಾಲಿನ್ ಜೊತೆ ಮಾತಾಡಿದರು, ಜೂನ್ ಮೊದಲ ವಾರ ಸ್ಟಾಲಿನ್ ಪಟ್ಟು ಸಡಿಲಿಸಿದರು. ಸಭೆಯ ಗಂಟು ಕೆಲವೊಮ್ಮೆ ಸಭೆಯ ಹೊರಗೇ ಬಿಚ್ಚುತ್ತದೆ ಎಂಬುದು ಲಕೋಟೆ ತೆರೆದಾಗ ತಿಳಿಯುತ್ತದೆ.

ಅಮೆರಿಕದ ಪತ್ರವನ್ನು ಎಚ್ಚರದಿಂದ ಬರೆಯಿರಿ. ವೀಟೊ ಬೇಕೆಂದದ್ದು ಸೋವಿಯತ್ ಒಂದೇ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅಮೆರಿಕಕ್ಕೂ ಅದು ಬೇಕಿತ್ತು. ಸನ್ನದಿಗೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಒಪ್ಪಿಗೆ ಸಿಗಬೇಕು. ಹಿಂದೆ, ವಿಶ್ವಸಂಸ್ಥೆಗೆ ಮೊದಲಿದ್ದ ರಾಷ್ಟ್ರಸಂಘದ ಒಪ್ಪಂದ ಬಿದ್ದದ್ದು ಅದೇ ಸೆನೆಟ್‌ನಲ್ಲಿ, ಅಮೆರಿಕ ಆ ಸಂಘಕ್ಕೆ ಕೊನೆಯವರೆಗೂ ಸೇರಲೇ ಇಲ್ಲ. ಅದಕ್ಕಾಗಿಯೇ ಈ ಸಲ ನಿಯೋಗದೊಳಗೇ ಎರಡೂ ಪಕ್ಷಗಳ ಸೆನೆಟರುಗಳಾದ ಟಾಮ್ ಕೊನಾಲಿ, ಆರ್ಥರ್ ವ್ಯಾಂಡನ್‌ಬರ್ಗ್ ಇದ್ದರು. ನಿಮ್ಮ ಅಮೆರಿಕದ ಮೂವರಲ್ಲಿ ಒಬ್ಬರು ಸೆನೆಟರ್ ಆಗಿರಲಿ, ತನ್ನ ನಿಯೋಗಕ್ಕೇ 'ಊರಿನಲ್ಲಿ ಇದನ್ನು ಒಪ್ಪುವುದಿಲ್ಲ' ಎಂದು ಹೇಳುವ ಹಕ್ಕು ಅವರಿಗಿರಲಿ.

ಆಸ್ಟ್ರೇಲಿಯಾ ಎದುರಾಳಿಗಳ ಮುಂದಾಳು. ಅದರ ವಿದೇಶಾಂಗ ಮಂತ್ರಿ ಹರ್ಬರ್ಟ್ ಎವಾಟ್ ತಂದ ತಿದ್ದುಪಡಿಯ ಸಾರ ಇಷ್ಟು: ಯುದ್ಧಕ್ರಮಕ್ಕೆ ವೀಟೊ ಇರಲಿ, ಆದರೆ ಶಾಂತಿಯಿಂದ ವಿವಾದ ಬಗೆಹರಿಸುವ ಹಂತದಲ್ಲಿ ಬೇಡ. ಅವರು ವೀಟೊವನ್ನೇ ತೆಗೆದುಹಾಕಿ ಎಂದಿರಲಿಲ್ಲ. ಈ ವ್ಯತ್ಯಾಸ ಬಿಟ್ಟುಹೋದರೆ ಚರ್ಚೆ ಹೌದು–ಇಲ್ಲ ಎಂಬ ಕೂಗಾಟಕ್ಕೆ ಇಳಿಯುತ್ತದೆ.

ಭಾರತದ ಪತ್ರ ಬರೆಯುವುದೇ ಕಷ್ಟ. ವಿದ್ಯಾರ್ಥಿಗಳು ಕೂಡಲೇ ಭಾರತಕ್ಕೆ ಕಾಯಂ ಸ್ಥಾನ ಕೇಳುತ್ತಾರೆ. ತಡೆಯಿರಿ; ಅದು ಆಮೇಲಿನ ಕಾಲದ ಮಾತು. ಅಂದಿನ ನಿಯೋಗ ಬ್ರಿಟಿಷ್ ಆಡಳಿತ ಕಳಿಸಿದ್ದು, ಅದರ ನಾಯಕ ಎ. ರಾಮಸ್ವಾಮಿ ಮುದಲಿಯಾರ್. ಆರ್ಥಿಕ ಮತ್ತು ಸಾಮಾಜಿಕ ಸಹಕಾರದ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ಮರುವರ್ಷ ಇದೇ ಮುದಲಿಯಾರ್ ಮೈಸೂರಿನ ದಿವಾನರಾಗಿ ಬಂದರು, ಆಗ ದಾವಣಗೆರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯೊಳಗಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಆ ಮೇಜಿಗೂ ನಮ್ಮ ನೆಲಕ್ಕೂ ಹೀಗೊಂದು ನಂಟಿದೆ ಎಂದು ಹೇಳಿ, ಮಕ್ಕಳು ಕಿವಿ ನಿಮಿರಿಸುತ್ತಾರೆ. ಉಳಿದಿದ್ದ ನಾಲ್ಕನೇ ವಿದ್ಯಾರ್ಥಿಗೆ ವಿಜಯಲಕ್ಷ್ಮಿ ಪಂಡಿತರ ಪಾತ್ರ. ಅವರು ಅಧಿಕೃತ ಪ್ರತಿನಿಧಿಯಲ್ಲ, ಆದರೂ ಅಲ್ಲಿಗೆ ಹೋಗಿ ಸ್ವತಂತ್ರ ಭಾರತದ ಪರ ಮಾತಾಡಿದರು. ಅವರಿಗೆ ಮತವಿಲ್ಲ, ಒಳಗೆ ಕುರ್ಚಿಯೂ ಇಲ್ಲ; ಪಡಸಾಲೆಯಲ್ಲಿ ನಿಂತು ಕರಪತ್ರ ಹಂಚಬಹುದು, ಬಿಡುವಿನಲ್ಲಿ ಯಾರನ್ನು ಬೇಕಾದರೂ ಮಾತಾಡಿಸಬಹುದು.

ಮೊದಲ ಬೆಳಗು

ನೇರವಾಗಿ ವೀಟೊಕ್ಕೆ ಇಳಿಯಬೇಡಿ. ಅರ್ಧ ಗಂಟೆ ಭದ್ರಾ ನಾಲೆಯ ಲೆಕ್ಕ ಮಾಡಿಸಿ. ಚಿತ್ರದುರ್ಗದ ಕಡೆಯವರಾದರೆ ವಾಣಿವಿಲಾಸ ಸಾಗರದ ನಾಲೆ ಇಟ್ಟುಕೊಳ್ಳಿ. ತರಗತಿಯನ್ನು ಎರಡು ಪಾಲು ಮಾಡಿ: ಮೇಲ್ಭಾಗದ ರೈತರು, ಕೊನೆ ಭಾಗದ ರೈತರು. ನೀರು ಹಂಚಲು ಒಂದು ಸಂಘ ಕಟ್ಟಬೇಕು. ಮೇಲ್ಭಾಗದವರ ಷರತ್ತು, ನಮ್ಮ ತೂಬನ್ನು ನಮ್ಮ ಒಪ್ಪಿಗೆಯಿಲ್ಲದೆ ಮುಚ್ಚುವಂತಿಲ್ಲ. ಒಪ್ಪಿದರೆ ಸಂಘಕ್ಕೆ ಬಲ ಕಡಿಮೆ. ಒಪ್ಪದಿದ್ದರೆ ಅವರು ಸಂಘಕ್ಕೇ ಬರುವುದಿಲ್ಲ, ನೀರು ಹೇಗೂ ಅವರ ಕಡೆಯೇ ಇದೆ. ಕೊನೆ ಭಾಗದವರು ಏನು ಕೇಳಿ ಪಡೆಯಬಹುದು? ಈ ಪ್ರಶ್ನೆ ಹೊಲದ ಭಾಷೆಯಲ್ಲಿ ಹೊಳೆದವರಿಗೆ ಭದ್ರತಾ ಮಂಡಳಿ ಅರ್ಥವಾಗಲು ಹೊತ್ತು ಬೇಕಾಗುವುದಿಲ್ಲ.

ಆಮೇಲೆ ಕರಡು ಹಂಚಿ. 1944ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್‌ನಲ್ಲಿ ದೊಡ್ಡ ದೇಶಗಳು ಬರೆದ ಕರಡಿನಲ್ಲಿ ಮತದಾನದ ಭಾಗ ಇನ್ನೂ ಪರಿಶೀಲನೆಯಲ್ಲಿದೆ ಎಂದು ಖಾಲಿ ಉಳಿದಿತ್ತು. ನಿಮ್ಮ ಪ್ರತಿಯಲ್ಲೂ ಅಲ್ಲಿ ಖಾಲಿ ಜಾಗ ಬಿಡಿ. ಮರುಪುಟದಲ್ಲಿ 1945ರ ಫೆಬ್ರವರಿಯಲ್ಲಿ ಅಮೆರಿಕ, ಬ್ರಿಟನ್, ಸೋವಿಯತ್ ನಾಯಕರು ಯಾಲ್ಟಾದಲ್ಲಿ ಒಪ್ಪಿದ ಸೂತ್ರ: ಮಂಡಳಿಯಲ್ಲಿ 11 ಸದಸ್ಯರು, ಕಾರ್ಯವಿಧಾನದ ವಿಷಯಕ್ಕೆ ಯಾವ 7 ಮತವಾದರೂ ಸಾಕು, ಉಳಿದದ್ದಕ್ಕೆ 7 ಮತ, ಅದರಲ್ಲಿ ಐವರೂ ಕಾಯಂ ಸದಸ್ಯರು ಸೇರಿರಬೇಕು, ಶಾಂತಿಯುತ ಇತ್ಯರ್ಥದ ಹಂತದಲ್ಲಿ ವಿವಾದದ ಪಕ್ಷಗಾರ ಮತ ಹಾಕುವಂತಿಲ್ಲ. ಇಂದಿನ 15 ಸದಸ್ಯರು, 9 ಮತ ಎಂಬುದು 1965ರ ಬದಲಾವಣೆ. ಅದನ್ನು ಇಲ್ಲಿ ಬೆರೆಸಬಾರದು.

ಮೊದಲ ಅಧಿವೇಶನದ ವಿಷಯ: ಅಧ್ಯಕ್ಷತೆ ಯಾರದ್ದು? ಇಪ್ಪತ್ತು ನಿಮಿಷ ಕೊಡಿ, ಮೇಷ್ಟ್ರು ಬಾಯಿ ಹಾಕಬಾರದು. ಆತಿಥೇಯ ಅಮೆರಿಕದ ವಿದೇಶಾಂಗ ಮಂತ್ರಿ ಸ್ಟೆಟಿನಿಯಸ್ ಒಬ್ಬರೇ ಅಧ್ಯಕ್ಷರಾಗುವುದಕ್ಕೆ ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ಒಪ್ಪಲಿಲ್ಲ. ಕೊನೆಗೆ ಪೂರ್ಣ ಸಭೆಗಳಿಗೆ ನಾಲ್ಕು ಆಹ್ವಾನಕ ದೇಶಗಳವರು (ಫ್ರಾನ್ಸ್ ಬಿಟ್ಟು ಉಳಿದ ದೊಡ್ಡವರು) ಸರದಿಯಂತೆ, ಕೆಲಸ ನಡೆಯುವ ಮುಖ್ಯ ಸಮಿತಿಗಳಿಗೆ ಸ್ಟೆಟಿನಿಯಸ್ ಎಂದು ತೀರ್ಮಾನವಾಯಿತು. ಮಾನ ಒಬ್ಬರಿಗೆ, ಕೆಲಸ ಇನ್ನೊಬ್ಬರಿಗೆ ಎಂದು ಬಿಡಿಸಿ ಹಂಚುವ ಈ ಉಪಾಯ ಮರುದಿನವೂ ಕೈಹಿಡಿಯುತ್ತದೆ.

ಎರಡನೇ ಬೆಳಗು

ಸಣ್ಣ ದೇಶಗಳು ಪ್ರಶ್ನೆಪತ್ರಿಕೆಯೊಂದಿಗೆ ಶುರು ಮಾಡಲಿ. ಅಲ್ಲಿ ಅವು 23 ಪ್ರಶ್ನೆ ಕೇಳಿದ್ದವು. ನಿಮಗೆ ಐದು ಸಾಕು. ಐವರು ದೊಡ್ಡವರು ಪಕ್ಕದ ಕೊಠಡಿಗೆ ಹೋಗಿ ಒಂದೇ ಉತ್ತರ ಬರೆದು ತರಬೇಕು, ಬೇರೆಬೇರೆಯಾಗಿ ಉತ್ತರಿಸುವಂತಿಲ್ಲ. ಅವರು ಹೊರಗಿರುವಾಗ ಸಣ್ಣವರು ತಮ್ಮಲ್ಲೇ ಮಾತಾಡಿಕೊಳ್ಳುವ ಹೊತ್ತು ಬಹಳ ಮುಖ್ಯ. ಲಕೋಟೆ ತೆರೆಯುವುದೂ ಆಗಲೇ.

ನಂತರ ಅರ್ಧ ಗಂಟೆ ಬಿಡುವು. ಮಂಡಕ್ಕಿ, ಮಿರ್ಚಿ ತರಿಸಿ, ಆದರೆ ನಿಯೋಗದವರು ಒಟ್ಟಿಗೇ ಕೂತು ತಿನ್ನಬಾರದು ಎಂದು ಕಟ್ಟುನಿಟ್ಟು ಮಾಡಿ. ಮತಗಳು ಬದಲಾಗುವುದು ಈ ಅರ್ಧ ಗಂಟೆಯಲ್ಲಿ. ಬಿಡುವನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ಎಲ್ಲರೂ ಪತ್ರದಲ್ಲಿದ್ದಂತೆಯೇ ಮತ ಹಾಕಿ ಎದ್ದುಹೋಗುತ್ತಾರೆ.

ಕರಡಿನ ವಾಕ್ಯವನ್ನು ವರದಿಗಾರರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಲಗೆಯ ಮೇಲೆ ಬರೆಯಲಿ. 'ಮಾಡಬೇಕು', 'ಮಾಡಬಹುದು' ಎಂಬಲ್ಲಿ ಒಂದು ಕಡೆ ಕಟ್ಟು, ಇನ್ನೊಂದು ಕಡೆ ಸಡಿಲ ಆಗಿಬಿಡುತ್ತದೆ. ಮತಕ್ಕೆ ಮುಂಚೆ ಎರಡನ್ನೂ ಗಟ್ಟಿಯಾಗಿ ಓದಿಸಿ. ಸನ್ನದಿನ ಐದು ಭಾಷೆಯ ಪಾಠಗಳಿಗೂ ಸಮಾನ ಮಾನ್ಯತೆ ಇದ್ದುದರಿಂದ ಅಲ್ಲಿಯೂ ಈ ಕೆಲಸ ತಪ್ಪಲಿಲ್ಲ.

ಮತಕ್ಕೆ ಮುನ್ನ ಕೊನೆಯ ಮಾತು ಅಮೆರಿಕದ ಸೆನೆಟರಿಗೆ. ಕೊನಾಲಿ ಕರಡನ್ನು ಸಭೆಯೆದುರೇ ಹರಿದು, ವೀಟೊ ಸೋಲಿಸಿದರೆ ನೀವು ಹರಿದದ್ದು ಸನ್ನದನ್ನೇ ಎಂಬರ್ಥದಲ್ಲಿ ಮಾತಾಡಿದ್ದರು. ಆಮೇಲೆ ಎವಾಟ್ ತಿದ್ದುಪಡಿಗೆ ಪರ 10, ವಿರುದ್ಧ 20, ತಟಸ್ಥ 15. ನಿಮ್ಮ ತರಗತಿಯ ಫಲಿತಾಂಶ ಇದಕ್ಕೆ ಹೊಂದಬೇಕಿಲ್ಲ, ಹೊಂದಿಸಲು ಹೋಗಲೂಬೇಡಿ. ತಿದ್ದುಪಡಿ ಗೆದ್ದರೆ ದೊಡ್ಡವರು ತಮ್ಮ ಪತ್ರದ ನಾಲ್ಕನೇ ಸಾಲನ್ನು ಗಟ್ಟಿಯಾಗಿ ಓದಿ, ಎದ್ದು ಹೋಗಬೇಕೋ ಬೇಡವೋ ಅಲ್ಲೇ ತೀರ್ಮಾನಿಸಲಿ.

ಸಹಿಯ ಸರದಿಯಲ್ಲಿ ಚೀನಾ ಮೊದಲು, ಆಕ್ರಮಣಕ್ಕೆ ಮೊದಲು ತುತ್ತಾದ ದೇಶವೆಂಬ ಗೌರವಕ್ಕಾಗಿ. ಹಾಳೆಯ ಮೇಲೆ ಪೋಲೆಂಡಿಗೆ ಒಂದು ಗೆರೆ ಖಾಲಿ ಬಿಡಿ. ಅದರ ಸರ್ಕಾರ ಯಾವುದೆಂದು ದೊಡ್ಡವರಲ್ಲಿ ಒಮ್ಮತವಿಲ್ಲದೆ ಅದು ಸಮ್ಮೇಳನಕ್ಕೆ ಬರಲಾಗಲಿಲ್ಲ. ಅಕ್ಟೋಬರ್ 15ರಂದು ಸಹಿ ಹಾಕಿ 51ನೇ ಮೂಲ ಸದಸ್ಯ ದೇಶವಾಯಿತು. ಸಹಿಯಾದ ಮೇಲೆ ಸೂಚನಾ ಪತ್ರಗಳನ್ನು ಬಿಚ್ಚಿ ಗೋಡೆಗೆ ಸಾಲಾಗಿ ಅಂಟಿಸಿ, ಯಾರು ಯಾವ ಸಾಲನ್ನು ಬಿಟ್ಟುಕೊಟ್ಟರು ಎಂದು ಎದುರು ನಿಯೋಗದವರಿಂದಲೇ ಗುರುತು ಹಾಕಿಸಿ. ಇದಕ್ಕೆ ಮುಕ್ಕಾಲು ಗಂಟೆ ಮೀಸಲಿಡಿ.