ಗಿಡ ನೆಡುವ ಮೊದಲು ಗುಂಡಿಗೆ ನೀರು ಹಾಕಿ ನೋಡಿ

ಪುಣೆಯ ಟೇಕಡಿಗಳಲ್ಲಿ, ಅಂದರೆ ಗುಡ್ಡಗಳಲ್ಲಿ, ಗಿಡ ನೆಡುವ ನಮ್ಮ ಕನ್ನಡದವರಿಗೆಲ್ಲ ಒಂದು ಮಾತು: ಮೇ ತಿಂಗಳಲ್ಲೇ ಗುಂಡಿ ತೋಡಿ, ಸಂಜೆ ಅದರ ತುಂಬ ನೀರು ಹಾಕಿ, ಬೆಳಿಗ್ಗೆ ಬಂದು ನೋಡಿ. ನೀರು ಇನ್ನೂ ನಿಂತಿದ್ದರೆ ತಳದಲ್ಲಿ ನಾಲ್ಕೈದು ಕಡೆ ಹಾರೆಯಿಂದ ಆಳವಾಗಿ ತೂತು ಮಾಡಿ. ಇಲ್ಲಿ ಮೇಲೆ ಒಂದಿಷ್ಟು ಮಣ್ಣು, ಕೆಳಗೆ ಗಟ್ಟಿ ಮುರುಮ್ (ಕಲ್ಲು ಸವೆದು ಆದ ಗರಸು), ಅದರಡಿ ಕರಿಕಲ್ಲು, ಹಾಗಾಗಿ ಜುಲೈ ಮಳೆಗೆ ಗುಂಡಿ ಬೋಗುಣಿ ಥರ ನೀರು ಹಿಡಿದಿಟ್ಟು, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಎಲೆ ಹಳದಿಯಾಯಿತು ಅಂತ ಜನ ಇನ್ನೂ ಜಾಸ್ತಿ ನೀರು ಹಾಕುತ್ತಾರೆ, ಪಾಪ ಗಿಡ. ತಳದಲ್ಲಿ ಪೂರ್ತಿ ಬಂಡೆಯೇ ಇದ್ದರೆ ಹಾರೆಯಿಂದ ಏನೂ ಆಗುವುದಿಲ್ಲ, ಸುಮ್ನೆ ಜಾಗ ಬದಲಿಸಿ. ಮಳೆ ಹಿಡಿದ ಮೇಲೆ ಈ ಪರೀಕ್ಷೆ ನಂಬಬೇಡಿ, ಆಗ ನೆಲವೇ ನೀರು ಕುಡಿದು ತುಂಬಿರುತ್ತದೆ.