ಲೆಕ್ಕ ಬರೆಯುತ್ತಿದ್ದವನು ಕೋಡ್ ಬರೆಯಲು ಹಿಡಿದ 880 ಗಂಟೆ

ದಾವಣಗೆರೆಯ ಜವಳಿ ಸಗಟು ಮಳಿಗೆಯೊಂದರಲ್ಲಿ ಐದು ವರ್ಷ ಲೆಕ್ಕ ಬರೆದ ನಾನು ಕೋಡಿಂಗ್ ಕಲಿಯಲು ಕುಳಿತದ್ದು 2022ರ ಆಗಸ್ಟ್‌ನಲ್ಲಿ. ಬೆಂಗಳೂರಿನ ಚಿಕ್ಕ ಕಂಪನಿಯೊಂದರಿಂದ ನೇಮಕಾತಿ ಪತ್ರ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಕಲಿತು ಕೆಲಸ ಸಿಗಲು ಎಷ್ಟು ದಿನ ಹಿಡಿಯಿತು ಎಂದು ಯಾರಾದರೂ ಕೇಳಿದರೆ ಹದಿನಾರು ತಿಂಗಳು ಎನ್ನುತ್ತೇನೆ, ಆದರೆ ಆ ಉತ್ತರ ನನಗೇ ಸಮಾಧಾನ ಕೊಡುವುದಿಲ್ಲ. ಲೆಕ್ಕದವನ ಚಾಳಿಯಿಂದ ಕಲಿಯಲು ಕುಳಿತ ಹೊತ್ತನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದರ ಮೊತ್ತ 880 ಗಂಟೆ. ದಿನವಿಡೀ ಬಿಡುವಿರುವವರಿಗೆ ಅದು ಐದಾರು ತಿಂಗಳ ದುಡಿಮೆ, ನನ್ನಂತೆ ಬೆಳಗ್ಗೆ ಐದೂವರೆಯಿಂದ ಏಳೂವರೆಯವರೆಗೆ ಮಾತ್ರ ಬಿಡುವಿರುವವರಿಗೆ ವರ್ಷ ದಾಟುವ ಕೆಲಸ. ಅದರಲ್ಲೂ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ತೆರಿಗೆಯ ವಿವರಪಟ್ಟಿಗಳನ್ನು ಸಲ್ಲಿಸುವ ಗಡಿಬಿಡಿಯಲ್ಲಿ ನಾಲ್ಕೈದು ದಿನ ಖಾಲಿ ಹೋಗುತ್ತಿದ್ದವು. ಮಾರ್ಚ್ ತಿಂಗಳ ಪುಟದಲ್ಲಂತೂ ಬರೆದದ್ದು ಆರೇ ಗಂಟೆ.

ಮೊದಲ 200 ಗಂಟೆಗಳು ಪೈಥಾನ್ ಎಂಬ ಕೋಡಿಂಗ್ ಭಾಷೆಯ ಪಾಠದ ವಿಡಿಯೋಗಳಿಗೆ ಹೋದವು, ಅವುಗಳಲ್ಲಿ ಅರ್ಧದಷ್ಟು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಹೇಳಿಕೊಡುವವರು ಟೈಪ್ ಮಾಡಿದ್ದನ್ನೇ ನಾನೂ ಟೈಪ್ ಮಾಡುತ್ತಿದ್ದೆ, ಅದು ಓಡುತ್ತಿತ್ತು, ನನಗೆ ಬಂತು ಎಂದುಕೊಳ್ಳುತ್ತಿದ್ದೆ. ಡಿಸೆಂಬರ್‌ನ ಒಂದು ಭಾನುವಾರ ವಿಡಿಯೋ ಮುಚ್ಚಿ, ಹತ್ತು ಬಿಲ್ಲುಗಳ ಮೊತ್ತವನ್ನು ಗಿರಾಕಿವಾರು ಕೂಡಿಸುವ ಪ್ರೋಗ್ರಾಮ್ ಬರೆಯಲು ಹೊರಟರೆ ಮೂರನೆಯ ಸಾಲಿಗೇ ಕೈ ನಿಂತಿತು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಕಣ್ಣುಮುಚ್ಚಿ ಮಾಡುವ ಕೆಲಸ ಅದು.

ಅಂದಿನಿಂದ ಹೊಸ ಪಾಠ ನಿಲ್ಲಿಸಿ, ಮಳಿಗೆಯ ಬಿಲ್ಲು ಮಾಡುವ ಪ್ರೋಗ್ರಾಮನ್ನೇ ಬರೆಯಲು ತೊಡಗಿದೆ. ಮುಂದಿನ 430 ಗಂಟೆಗಳಲ್ಲಿ ಕಲಿತದ್ದೆಲ್ಲವೂ, ಎಂದರೆ ಬಿಲ್ಲುಗಳನ್ನು ಉಳಿಸಿಡಲು ಬೇಕಾದ ಎಸ್‌ಕ್ಯೂಎಲ್, ಕೆಡಿಸಿಕೊಂಡಾಗ ಹಿಂದಿನ ಪ್ರತಿಗೆ ಮರಳಲು ಬೇಕಾದ ಗಿಟ್, ಎಲ್ಲವೂ ಈ ಒಂದು ಪ್ರೋಗ್ರಾಮಿನ ನೆಪದಲ್ಲಿ ಬಂದವು. ಒಂದು ಪ್ರಸಂಗವನ್ನು ಹೇಳಲೇಬೇಕು. ನನ್ನ ಪ್ರೋಗ್ರಾಮಿನ ಮೊತ್ತ ಕೆಲವು ಬಿಲ್ಲುಗಳಲ್ಲಿ ಮಾತ್ರ ಒಂದು ರೂಪಾಯಿ ಕಡಿಮೆ ಬರುತ್ತಿತ್ತು. 27,650 ರೂಪಾಯಿಯ ಬಟ್ಟೆಗೆ ಶೇಕಡಾ 5ರ ತೆರಿಗೆ ಸೇರಿದರೆ 29,032.50, ರೌಂಡ್ ಆಫ್ ಮಾಡಿದರೆ 29,033 ಆಗಬೇಕು, ಬರುತ್ತಿದ್ದದ್ದು 29,032. ಆದರೆ 27,670 ರೂಪಾಯಿಯ ಬಿಲ್ಲು ಮಾತ್ರ ಸರಿಯಾಗಿ 29,053.50ರಿಂದ 29,054ಕ್ಕೆ ಏರುತ್ತಿತ್ತು. ತಪ್ಪು ನನ್ನ ಗುಣಾಕಾರದಲ್ಲಿದೆ ಎಂದು ನಾಲ್ಕು ಬೆಳಗು ತಡಕಾಡಿದೆ. ಕೊನೆಗೆ ತಿಳಿದದ್ದೇನೆಂದರೆ, ಪೈಥಾನಿನ ರೌಂಡ್ ಎಂಬ ಫಂಕ್ಷನ್ ಸರಿಯಾಗಿ ಅರ್ಧಕ್ಕೆ ಬಂದ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ, ಐವತ್ತು ಪೈಸೆಗೆ ಮೇಲಿನ ರೂಪಾಯಿ ಎಂಬ ನಮ್ಮ ಗಲ್ಲಾಪೆಟ್ಟಿಗೆಯ ರೂಢಿ ಅದಕ್ಕೆ ಗೊತ್ತಿಲ್ಲ. ಪೈಥಾನಿನಲ್ಲೇ ಸಿದ್ಧವಿರುವ ಡೆಸಿಮಲ್ ಎಂಬ ಕೋಡಿನ ಕಟ್ಟನ್ನು (ಮಾಡ್ಯೂಲ್) ತಂದು, ಅರ್ಧವಾದರೆ ಮೇಲಕ್ಕೆ ಎಂಬ ನಿಯಮವನ್ನು ಅದಕ್ಕೆ ಬಾಯಿಬಿಟ್ಟು ಹೇಳಿದ ಮೇಲೆ ಲೆಕ್ಕ ತಾಳೆಯಾಯಿತು. ಆ ಎಂಟು ಗಂಟೆಗಳಲ್ಲಿ ಕಲಿತಷ್ಟನ್ನು ಮೊದಲಿನ 200ರಲ್ಲಿ ಕಲಿತಿರಲಿಲ್ಲ.

ಬಿಲ್ಲಿನ ಪ್ರೋಗ್ರಾಮ್ ಓಡುತ್ತಿದೆ, ಇನ್ನು ಕೆಲಸ ಸಿಕ್ಕಂತೆಯೇ ಎಂದುಕೊಂಡದ್ದು ನನ್ನ ಎರಡನೆಯ ತಪ್ಪು ಅಂದಾಜು. ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳುವವರು ಸಾಮಾನ್ಯವಾಗಿ ಕಲಿಯುವ ಹೊತ್ತನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕಲಿತದ್ದನ್ನು ಇನ್ನೊಬ್ಬರ ಮುಂದೆ ತೋರಿಸಲು ಕಲಿಯುವ ಹೊತ್ತು ಬೇರೆಯೇ ಇದೆ, ನನ್ನ ಪಾಲಿಗೆ ಅದು 250 ಗಂಟೆ. ಮೂರು ತಿಂಗಳಲ್ಲಿ ಕೆಲಸ ಖಚಿತ ಎಂದು ಬಸ್ಸಿನ ಹಿಂಭಾಗದಲ್ಲಿ ಬರೆಸುವವರು ಈ ಭಾಗವನ್ನು ಹೇಳುವುದಿಲ್ಲ. ಮೊದಲ ಸಂದರ್ಶನದಲ್ಲಿ, ಒಂದು ಸಾಲಿನಲ್ಲಿ ಆವರಣ ಚಿಹ್ನೆಗಳು ಸರಿಯಾಗಿ ತೆರೆದು ಮುಚ್ಚಿವೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಮನ್ನು ಹಾಳೆಯ ಮೇಲೆ ಬರೆಯಲು ಹೇಳಿದರು. ಜಮಾ-ಖರ್ಚು ತಾಳೆ ನೋಡಿದಂತೆ ನಾನು ತೆರೆದವೆಷ್ಟು, ಮುಚ್ಚಿದವೆಷ್ಟು ಎಂದು ಎಣಿಸಿದೆ. ಎದುರಿಗಿದ್ದ ಮೇಡಂ ಏನೂ ಮಾತಾಡದೆ, ಹಾಳೆಯ ಮೇಲೆ ( [ ) ] ಎಂದು ಬರೆದು ನನ್ನತ್ತ ಸರಿಸಿದರು. ಎಣಿಕೆ ಸರಿ, ಕ್ರಮ ತಪ್ಪು. ತೆರೆದ ಚಿಹ್ನೆಗಳನ್ನು ತಟ್ಟೆಗಳಂತೆ ಒಂದರ ಮೇಲೊಂದು ಪೇರಿಸಿ, ಮುಚ್ಚುವ ಚಿಹ್ನೆ ಬಂದಾಗಲೆಲ್ಲ ಮೇಲಿನ ತಟ್ಟೆಯನ್ನು ತೆಗೆದು ಹೋಲಿಸಬೇಕು, ಇದಕ್ಕೆ ಸ್ಟ್ಯಾಕ್ ಎನ್ನುತ್ತಾರೆ ಎಂದು ಊರಿಗೆ ಮರಳುವ ರೈಲಿನಲ್ಲಿ ಓದಿಕೊಂಡೆ.

ಒಟ್ಟು ಐವತ್ತಕ್ಕೂ ಹೆಚ್ಚು ಅರ್ಜಿ ಹಾಕಿದೆ, ಕರೆ ಬಂದದ್ದು ಐದು ಕಡೆಯಿಂದ. ನಾಲ್ಕರಲ್ಲಿ ಆಗಲಿಲ್ಲ. ಐದನೆಯದು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಕಂಪನಿ. ಅಲ್ಲಿ ನನ್ನ ಪ್ರೋಗ್ರಾಮನ್ನು ತೆರೆದು ನೋಡಿ, ಇಲ್ಲಿ ರೌಂಡ್ ಯಾಕೆ ಬಳಸಿಲ್ಲ ಎಂದು ಕೇಳಿದರು. ಜವಳಿಯ ಎರಡು ಬಿಲ್ಲುಗಳ ಕಥೆಯನ್ನು ಹೇಳಿದೆ. ಕಂಪ್ಯೂಟರ್ ಪದವಿಯಿಲ್ಲದ, ಬಿಕಾಂ ಮಾತ್ರ ಓದಿದ ನನ್ನನ್ನು ಅವರು ತೆಗೆದುಕೊಂಡದ್ದರಲ್ಲಿ ಆ ಐದು ವರ್ಷದ ಲೆಕ್ಕದ ಅನುಭವಕ್ಕೂ ಪಾಲಿದೆ, ಆದ್ದರಿಂದ ನನ್ನ 880 ಗಂಟೆಗಳನ್ನು ಅಷ್ಟೇ ಸಾಕೆಂದು ಬೇರೆಯವರು ಹಾಗೆಯೇ ಎತ್ತಿಕೊಳ್ಳಬಾರದು.

ಕೆಲಸಕ್ಕೆ ಸೇರಿದ ವಾರ ಕೊಟ್ಟ ಮೊದಲ ಕೆಲಸ, ಬಿಲ್ಲಿನ ಮೊತ್ತದಲ್ಲಿ 1,234,567 ಎಂದು ಬೀಳುತ್ತಿದ್ದ ಅಲ್ಪವಿರಾಮಗಳನ್ನು ನಮ್ಮ ಲಕ್ಷದ ರೀತಿಯಲ್ಲಿ 12,34,567 ಎಂದು ಸರಿಪಡಿಸುವುದು. ಒಂದು ಗಂಟೆಯ ಕೆಲಸವೆಂದು ಹೇಳಿ ಕೊಟ್ಟಿದ್ದರು. ನನಗೆ ಎರಡು ದಿನ ಹಿಡಿಯಿತು.